ಕುದುರೆಯ ಹೊಟ್ಟೆಯಡಿಯ ನಂಬರು

ನಮ್ಮವ್ವ ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವವಳು. ಅರಗಿನ ಬಣ್ಣ ಹಚ್ಚಿ ಮುಗಿಸಿದ ಪ್ರತಿ ಕುದುರೆಯ ಹೊಟ್ಟೆಯಡಿ ಮೊಳೆಯಿಂದ ತನ್ನ ಮೊಬೈಲ್ ನಂಬರು ಕೆತ್ತುತ್ತಾಳೆ. ಚಕ್ರ ಕಳಚಿದರೆ ಯಾರೇ ಫೋನ್ ಮಾಡಲಿ, ಹೊಸ ಚಕ್ರ ಪುಕ್ಕಟೆ. ಇಷ್ಟು ಧಾರಾಳ ಮನಸ್ಸಿನವಳ ಮಗಳಾಗಿರುವುದೂ ಒಂದು ಪಾಡು.

ಅವಳ ಫೋನ್ ಕಂಪನಿಯ ಸಿಗ್ನಲ್ ನಮ್ಮ ಬೀದಿಯಲ್ಲಿ ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಕಂಪನಿ ಬದಲಾಯಿಸು ಎಂದರೆ ಸಿಡಿಮಿಡಿ.

“ಕುದ್ರೆಗಳು ಎಲ್ಲೆಲ್ಲಿಗೋ ಹೋಗ್ಬುಟ್ಟವೆ. ನಂಬರ್ ಹೋದ್ರೆ ನನ್ ಮಾತು ಹೋದಂಗೆ ಕಣಮ್ಮಿ.”

ಫೋನು, ಟಿ.ವಿ. ಕಂಪನಿಗಳಿಗೆ ಮೂಗುದಾರ ಹಾಕಲು ದೆಹಲಿಯಲ್ಲಿ ಒಂದು ನಿಯಂತ್ರಣ ಪ್ರಾಧಿಕಾರವಿದೆ, ಕಂಪನಿ ಬಿಟ್ಟರೂ ನಂಬರು ನಮ್ಮದೇ ಎಂದು ಅದು ಯಾವತ್ತೋ ನಿಯಮ ಮಾಡಿದೆ ಎಂದು ತಿಳಿಹೇಳಿದೆ.

“ಕಂಪನಿಯೋರು ಸುಮ್ಕೆ ಬುಟ್ಕೊಟ್ಟಾರಾ?”

“ಬಿಡಲೇಬೇಕವ್ವ. ಬಿಡಿಸೋಕೇ ಆ ದೆಹಲಿಯವರಿರೋದು.”

ಅರೆಮನಸ್ಸಿನಿಂದ ಒಪ್ಪಿದಳು. ಬೇರೆ ಕಂಪನಿಯಿಂದ ಅದೇ ನಂಬರಿನ ಹೊಸ ಸಿಮ್ ತಂದುಕೊಟ್ಟು, ಹಳೆಯದು ನಿಂತ ಕೂಡಲೇ ಇದನ್ನು ಫೋನಿಗೆ ಹಾಕು ಎಂದು ಹೇಳಿದೆ.

ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಅವ್ವ ಉಪ್ಪುಕಾಗದ ಹಿಡಿದು ಕುದುರೆಗಳ ಹೊಟ್ಟೆ ಉಜ್ಜುತ್ತಿದ್ದಾಳೆ. ನಂಬರುಗಳೆಲ್ಲ ಮಾಯ.

“ಏನವ್ವ ಇದು?”

“ಬೆಳಗಿಂದ ಫೋನ್ ಸತ್ತೋಗೈತೆ. ಆ ಕಂಪನಿಯೋರು ನಂಬರ್ ಮಡೀಕಂಡ್ಬುಟ್ರು. ಸತ್ತೋದ ನಂಬರ್ ಕೊಟ್ಟು ಮಕ್ಳಿಗೆ ಸುಳ್ ಹೇಳಕಾಯ್ತದಾ?” ಅವಳ ಕಣ್ಣು ಕೆಂಪಾಗಿತ್ತು.

“ಹೊಸ ಸಿಮ್ ಎಲ್ಲಿ?”

ದೇವರ ಗೂಡಿನತ್ತ ಕೈ ತೋರಿಸಿದಳು. ಹೊಸ ವಸ್ತುವಲ್ಲವೇ, ಅರಿಸಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟವಳು ಅದನ್ನು ಫೋನಿಗೆ ಹಾಕುವುದನ್ನೇ ಮರೆತಿದ್ದಳು. ನನಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು.

ಕುಂಕುಮ ಒರೆಸಿ ಸಿಮ್ ಹಾಕಿದೆ. ಸ್ವಲ್ಪ ಹೊತ್ತಿಗೆ ಫೋನ್ ರಿಂಗಾಯಿತು. ಟ್ಯಾಂಕಿನ ಪಕ್ಕದಲ್ಲಲ್ಲ, ಮನೆಯೊಳಗೆ, ಅವ್ವ ಕೂತಿದ್ದ ಜಾಗದಲ್ಲೇ. ನನಗಂತೂ ಕುಣಿಯುವಷ್ಟು ಖುಷಿ. ಫೋನ್ ಮಾಡಿದ್ದು ಕನಕಪುರದ ಒಬ್ಬ ಹೆಂಗಸು. ಮಗಳ ಕುದುರೆಯ ಚಕ್ರ ಕಳಚಿದೆಯಂತೆ, ಬೆಳಗಿನಿಂದ ಪ್ರಯತ್ನಿಸುತ್ತಿದ್ದಾಳಂತೆ.

“ಚಕ್ರ ಮಡಗಿರ್ತೀನಿ, ಬನ್ನಿ ತಾಯಿ,” ಎಂದಳು ಅವ್ವ. ನಂಬರು ಅದೇ ಉಳಿದಿದೆಯೆಂದು ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. “ಆ ಕುದ್ರೆ ತಿರುಗ್ಸಿ, ಹೊಟ್ಟೆ ಕೆಳಗೈತಲ್ಲ ನಂಬರ್, ಅದ್ನ ಒಸಿ ಓದಿ.”

ಆಕೆ ಓದತೊಡಗಿದಳು. ಅವ್ವ ಉಜ್ಜಿಟ್ಟಿದ್ದ ಕುದುರೆಯೊಂದನ್ನು ಮಡಿಲಿಗೆ ಎಳೆದುಕೊಂಡು, ಮೊಳೆ ಹಿಡಿದು, ಆಕೆ ಹೇಳಿದ ಒಂದೊಂದೇ ಅಂಕಿಯನ್ನು ಮತ್ತೆ ಕೆತ್ತುತ್ತ ಹೋದಳು.