ಉಲ್ಲೇಖಿಸಿದವರನ್ನು ಕೇಳಿ ಬಂದೆ

ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಪಟ್ಟಿಗಳಿದ್ದವು. ಒಂದರಲ್ಲಿ ಮೂರು ವರ್ಷ ನಾನೇ ಅಳೆದ ಅಂಕಿಗಳು. ಇನ್ನೊಂದರಲ್ಲಿ ಅವೇ ಅಂಕಿಗಳನ್ನು ಚೂರುಚೂರೇ ಮೇಲಕ್ಕೆತ್ತಿ, ನೋಡುವವರಿಗೆ ಒಪ್ಪುವಂತೆ ಮಾಡಿಟ್ಟಿದ್ದೆ. ಎರಡನೆಯದನ್ನು ಇನ್ನೂ ಯಾರಿಗೂ ಕಳಿಸಿರಲಿಲ್ಲ. ಕಳಿಸುವುದಿಲ್ಲ ಎಂದು ಎದೆ ತಟ್ಟಿ ಹೇಳುವ ಸ್ಥಿತಿಯಲ್ಲೂ ಇರಲಿಲ್ಲ.

ನಾನು ಸವಣೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ರಜೆ ಸಿಕ್ಕಾಗಲೆಲ್ಲ ಬಂಕಾಪುರದ ಮೇಲೆ ಹಾಯ್ದು ಧಾರವಾಡಕ್ಕೆ ಹೋಗಿ ಪಿಎಚ್.ಡಿ. ಕೆಲಸ ಮಾಡುತ್ತಿದ್ದೆ. ಗಾಜಿನ ಮೇಲೆ ಸತುವಿನ ಆಕ್ಸೈಡಿನ ತೆಳು ಪದರ ಕೂರಿಸಿ, ಬಿಸಿ ಏರಿಸಿದಂತೆ ಅದರ ವಿದ್ಯುತ್ ರೋಧ ಎಷ್ಟು ಇಳಿಯುತ್ತದೆ ಎಂದು ಅಳೆಯಬೇಕಿತ್ತು. ಹೊರದೇಶದವರು ಇದೇ ಕೆಲಸ ಮಾಡಿ ಬರೆದ ಒಂದು ಹಳೆಯ ಪ್ರಬಂಧವನ್ನು ನನ್ನ ಗೈಡ್ ಮೊದಲ ದಿನವೇ ಕೈಗೆ ಕೊಟ್ಟು, ಇದಕ್ಕೆ ಹೋಲಿಸಿ ನೋಡುತ್ತಿರಿ ಎಂದಿದ್ದರು. ಹೋಲಲೇ ಇಲ್ಲ. ಅದೇ ಬಿಸಿಗೆ ನನ್ನ ರೋಧ ಪ್ರತಿ ಸಲವೂ ಅವರದಕ್ಕಿಂತ ಕಡಿಮೆ. ಪದರ ಹೊಸದಾಗಿ ಮಾಡಿದೆ, ತಂತಿ ಬದಲಿಸಿದೆ, ಮೀಟರಿಗೆ ಬಾಯಿಗೆ ಬಂದಂತೆ ಬೈದೆ.

"ನಿಮ್ಮ ಕೈಯಾಗ ಎಲ್ಲೋ ತಪ್ಪಾಗಾಕತ್ತೈತ್ರಿ," ಎಂದರು ಗೈಡ್. ಥೀಸಿಸ್ ಕೊಡುವ ದಿನ ಹತ್ತಿರ ಬಂದಂತೆ ನನಗೂ ಹಾಗೇ ಅನ್ನಿಸತೊಡಗಿತು. ಎರಡನೇ ಪಟ್ಟಿ ಹುಟ್ಟಿದ್ದು ಆಗ.

ಆ ಭಾನುವಾರ ಹತ್ತಿಮತ್ತೂರಿಗೆ, ತವರಿಗೆ ಹೋಗಿದ್ದೆ. ಎತ್ತು ಕೊಳ್ಳಲು ತಡಸದ ಕಡೆ ಹೋಗಿದ್ದ ಅಪ್ಪ ಎರಡು ದಿನವಾದ ಮೇಲೆ ಬರಿಗೈಯಲ್ಲಿ ಬಂದಿದ್ದ. ನನಗೆ ಮೊದಲೇ ತಲೆ ಕೆಟ್ಟಿತ್ತು.

"ಒಂದು ಎತ್ತು ನೋಡಿ ಬರಾಕ ಎರಡು ದಿನ ಬೇಕಾತೇನ ಅಪ್ಪ?"

"ಎತ್ತು ನೋಡಾಕ ಅರ್ಧಾ ತಾಸು ಸಾಕು ಯವ್ವಾ. ಅಂವನ ಕಡೆ ಮೊದಲ ಯಾರ್ಯಾರು ಎತ್ತು ತೊಗೊಂಡಾರ, ಅವರ ಹೊಲಕ್ಕ ಹೋಗಿ ಕೇಳಿ ಬಂದೆ. ಮಾರಾಂವ ಏನ್ ಹೇಳ್ತಾನ? ಹೂಡಿದವರು ಹೇಳ್ತಾರ. ಆ ಎತ್ತು ಬ್ಯಾಡಂದ್ರು, ಬಿಟ್ಟು ಬಂದೆ."

ಚಹಾ ಕೈಯಲ್ಲೇ ಆರಿತು. ಆ ಪ್ರಬಂಧದ ಕೊನೆಯಲ್ಲಿದ್ದ ಆಕರಗಳನ್ನೆಲ್ಲ, ಎಂದರೆ ಅದಕ್ಕಿಂತ ಹಿಂದಿನವನ್ನೆಲ್ಲ, ನಾನು ಓದಿದ್ದೆ. ಅದು ಬಂದ ಮೇಲೆ ಅದನ್ನು ನಂಬಿ ಕೆಲಸ ಮಾಡಿದವರ ಗತಿ ಏನಾಯಿತೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಅಪ್ಪ ಏಳನೇ ಇಯತ್ತೆ ದಾಟಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಸೋಮವಾರ ಕ್ಲಾಸು ಮುಗಿದದ್ದೇ ಕಾಲೇಜಿನ ಲೈಬ್ರರಿಗೆ ಹೋದೆ. ಒಂದು ಪ್ರಬಂಧವನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆಂದು ಎಲ್ಲಿ ಸಿಗುತ್ತದೆ ಎಂದು ಗ್ರಂಥಪಾಲಕರನ್ನು ಕೇಳಿದೆ. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ಅದಕ್ಕಂತ ಡೇಟಾಬೇಸ್ ಅದಾವ್ರಿ ಮೇಡಂ. ಪಾಸ್‌ವರ್ಡ್ ನನ್ನ ಡೈರ್ಯಾಗ ಐತಿ. ಕೇಳ್ಕೊಂತ ಬಂದವರು ನೀವ ಮೊದಲನೇದವರು ನೋಡ್ರಿ."

ಮೂರು ವರ್ಷ ಅವರ ಟೇಬಲ್ಲಿನ ಮುಂದೆಯೇ ದಿನಾ ಓಡಾಡಿದ್ದೆ.

ಪಾಸ್‌ವರ್ಡ್ ಹಾಕಿ ತೆರೆದ ಮೊದಲನೆಯದರಲ್ಲಿ ಸಾರಾಂಶಗಳಷ್ಟೇ ಇದ್ದವು, ಯಾರು ಉಲ್ಲೇಖಿಸಿದ್ದಾರೆಂದು ಇರಲಿಲ್ಲ. ಎರಡನೆಯದು ಪೂರ್ತಿ ಕಣಭೌತದವರದು, ನನ್ನಂಥವರಿಗೆ ಅಲ್ಲಿ ಜಾಗವಿಲ್ಲ. ಮೂರನೆಯದು ಪಾಸ್‌ವರ್ಡ್ ಕೇಳಲೇ ಇಲ್ಲ, ಆದರೆ ಖಗೋಳದವರಿಗೆಂದು ಕಟ್ಟಿದ್ದು. ನಕ್ಷತ್ರ ನೋಡುವವರ ಮನೆಯಲ್ಲಿ ನನಗೇನು ಕೆಲಸ ಎಂದು ಏಳಹೊರಟೆ.

"ಕುಂದರ್ರಿ, ಇದರಾಗ ಎಲ್ಲಾ ಫಿಸಿಕ್ಸೂ ತುಂಬ್ಯಾರ," ಎಂದು ಗ್ರಂಥಪಾಲಕರೇ ಪ್ರಬಂಧದ ಶೀರ್ಷಿಕೆ ಹಾಕಿದರು. ಪ್ರಬಂಧ ಬಂತು. ಪಕ್ಕದಲ್ಲಿ, ಇದನ್ನು ಉಲ್ಲೇಖಿಸಿದವರು ಎಂಬ ಕೊಂಡಿ. ಒತ್ತಿದೆ.

ಉದ್ದದ ಪಟ್ಟಿ. ಮೇಲಿಂದ ಒಂದೊಂದೇ ತೆರೆಯುತ್ತಾ ಬಂದೆ. ಹಲವರು ಹೆಸರಿಗೆ ಮಾತ್ರ ಉಲ್ಲೇಖಿಸಿದ್ದರು. ಒಂದು ಕಡೆ ಇಬ್ಬರು, ನಮಗೆ ರೋಧ ಕಡಿಮೆ ಬರುತ್ತಿದೆ, ಕಾರಣ ತಿಳಿಯುತ್ತಿಲ್ಲ ಎಂದು ಬರೆದಿದ್ದರು. ಅದರ ಕೆಳಗೆ, ಮೂಲ ಲೇಖಕರದೇ ಅರ್ಧ ಪುಟದ ತಿದ್ದುಪಡಿ. ಬಿಸಿಯನ್ನು ಪದರದ ಮೇಲೆ ಅಳೆಯದೆ ಕೆಳಗಿನ ಹೀಟರಿನಲ್ಲಿ ಅಳೆದದ್ದು ತಮ್ಮ ತಪ್ಪು, ಸರಿಯಾದ ಅಂಕಿಗಳು ಇಲ್ಲಿವೆ ಎಂದಿದ್ದರು. ನಾನು ಮೊದಲ ಪದರ ಮಾಡುವುದಕ್ಕೆ ಎಷ್ಟೋ ಮೊದಲೇ ಬಂದ ತಿದ್ದುಪಡಿ ಅದು.

ಆ ಅಂಕಿಗಳ ಪಕ್ಕ ನನ್ನ ಮೊದಲ ಪಟ್ಟಿಯನ್ನು ಇಟ್ಟೆ. ಹೊಂದಿದವು. ಲೈಬ್ರರಿ ಎಂಬುದನ್ನೂ ಮರೆತು ಜೋರಾಗಿ ನಕ್ಕೆ, ನಗುತ್ತಲೇ ಕಣ್ಣು ತುಂಬಿ ಬಂತು. ಮೂರು ವರ್ಷದ ಭಾರ ಇಳಿದು ಮೈ ಹಗುರಾಯಿತು.

ಅಲ್ಲಿಂದಲೇ ಗೈಡ್‌ಗೆ ಫೋನ್ ಮಾಡಿದೆ. ತಿದ್ದುಪಡಿ ಓದಿ ಹೇಳಿದೆ. "ಹಂಗಾರ ನಿಮ್ಮ ಕೈ ಸರೀನ ಇತ್ತು, ನಾನೂ ನೋಡಿರಲಿಲ್ಲ ಬಿಡ್ರಿ," ಎಂದರು. ಅಲ್ಲಿಗೇ ಮುಗಿಸಬಹುದಿತ್ತು. ಎರಡನೇ ಪಟ್ಟಿಯ ವಿಷಯವನ್ನೂ ಹೇಳಿಬಿಟ್ಟೆ.

"ಅದನ್ನ ಕಳಿಸಿದ್ರ ನಾ ಪಾಸ್ ಮಾಡ್ತಿದ್ದೆ ನೋಡ್ರಿ," ಎಂದರು.

ಫೋನಿಟ್ಟು ಆ ಪಟ್ಟಿಯನ್ನು ಅಳಿಸುವ ಮುಂಚೆ ಒಮ್ಮೆ ಓದಿದೆ. ಒಂದೊಂದು ಅಂಕಿಯೂ ಅಚ್ಚುಕಟ್ಟಾಗಿ, ಆ ಪ್ರಬಂಧ ಬರೆದವರೇ ಕೈಬಿಟ್ಟ ತಪ್ಪಿಗೆ ಸರಿಯಾಗಿ ಹೊಂದಿತ್ತು.