ಕುರುಗೋಡಿನಲ್ಲಿ ಮಲಗಿದ್ದವರು

ನಮ್ಮ ಕಡೆ ಯಾರನ್ನಾದರೂ "ಯಾವೂರ್ರಿ?" ಎಂದು ಕೇಳಿ ನೋಡಿ. ಉಂಡು ಮಲಗುವ ಊರನ್ನು ಯಾರೂ ಹೇಳುವುದಿಲ್ಲ; ಹಿರಿಯರು ಬಾಳಿದ, ಮನೆದೇವರಿರುವ ಊರನ್ನು ಹೇಳುತ್ತಾರೆ. ನಾನೂ ಹಾಗೆ ಹೇಳಿಯೇ ಕೆಟ್ಟೆ.

ಬಳ್ಳಾರಿ ಮೈಸೂರು ರಾಜ್ಯಕ್ಕೆ, ಆದೋನಿ ಆಂಧ್ರಕ್ಕೆ ಎಂದು ಪಾಲಾದ ಹೊಸತು. ನನ್ನ ಮನೆ, ಹೆಂಡತಿ ಸಿರುಗುಪ್ಪದಲ್ಲಿ. ನನಗೆ ಆದೋನಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತಿಕೆ. ಅಲ್ಲಿಯವರೆಗೆ ಸಿರುಗುಪ್ಪದಲ್ಲಿ ವೃತ್ತಿ ತೆರಿಗೆ ಕಟ್ಟಿ ರಸೀದಿ ತೋರಿಸಿದರೆ ಆದೋನಿಯವರು ಸುಮ್ಮನಿರುತ್ತಿದ್ದರು. ಈಗ ಎರಡೂ ಕಡೆಯಿಂದ ನೋಟೀಸು ಬಂತು. ಜಿನ್ನಿನ ಮಾಲೀಕರು ಖಡಾಖಂಡಿತವಾಗಿ ಹೇಳಿದರು: "ನೀ ಯಾವ ರಾಜ್ಯದಾಂವ ಅಂತ ಬಳ್ಳಾರಿಯಿಂದ ಬರಿಸ್ಕೊಂಡು ಬಾ. ಇಲ್ಲಾಂದ್ರ ಯುಗಾದಿಗೆ ಕೆಲಸ ಬಿಡು."

ಬಳ್ಳಾರಿಯ ಕಚೇರಿಯಲ್ಲಿ ಕೊಟ್ಟ ಅರ್ಜಿಯಲ್ಲಿ 'ಊರು' ಎಂದಿದ್ದ ಕಡೆ ನನ್ನ ಕೈ ತಾನಾಗಿ ಹಿರಿಯರ ಊರಾದ ಕುರುಗೋಡು ಎಂದು ಬರೆಯಿತು. ತನಿಖೆಯ ಗುಮಾಸ್ತ ಅಲ್ಲಿಗೇ ಹೋದ.

ಕುರುಗೋಡಿನ ಮನೆಯಲ್ಲಿದ್ದದ್ದು ಚಿಕ್ಕಪ್ಪನ ಸಂಸಾರ ಮತ್ತು ನನ್ನ ಅಜ್ಜಿ. ನನಗೆ ಇಟ್ಟಿದ್ದು ತೀರಿಹೋದ ಅಜ್ಜನ ಹೆಸರು. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಅಜ್ಜಿ ನನ್ನನ್ನು "ಕೂಸೇ" ಎಂದೇ ಕರೆಯುತ್ತಿದ್ದಳು. ಮೀಸೆ ಬಂದ ಮೇಲೂ ನಾನು ಕೂಸೇ.

ಹದಿನೈದು ದಿನ ಬಿಟ್ಟು ಕಚೇರಿಗೆ ಹೋದೆ. ಆ ಗುಮಾಸ್ತ ನನ್ನ ಹೆಸರು ಕೇಳಿ, ಕಾಗದ ನೋಡಿ, ಮತ್ತೆ ನನ್ನ ಮುಖ ನೋಡಿದ.

"ನೀವು ಎದ್ದು ಅಡ್ಡಾಡ್ತೀರೇನ್ರಿ?"

ವರದಿಯಲ್ಲಿ ಹೀಗಿತ್ತು: ಸದರಿಯವರು ಕುರುಗೋಡಿನಲ್ಲೇ ಇದ್ದಾರೆ, ಒಳಕೋಣೆಯ ಮಂಚ ಹಿಡಿದಿದ್ದಾರೆ, ದುಡಿಯುವ ಸ್ಥಿತಿಯಲ್ಲಿಲ್ಲ. ಗುರುತು, ಎಡಗೈ ಕಿರುಬೆರಳು ಅರ್ಧ ಇಲ್ಲ.

ನಾನು ಎರಡೂ ಕೈ ಮೇಜಿನ ಮೇಲಿಟ್ಟೆ. ಹತ್ತು ಬೆರಳೂ ಇದ್ದವು. ಕಬ್ಬಿನ ಗಾಣಕ್ಕೆ ಕಿರುಬೆರಳು ಕೊಟ್ಟವನು ನನ್ನ ಅಜ್ಜ.

"ನಮ್ಮಜ್ಜಿ ಹೇಳಿರಬೇಕು," ಎಂದೆ.

"ಆಕಿ 'ಒಳಗ ಅದಾರ' ಅಂದ್ಲು, ಅಷ್ಟ. ಬೆರಳು ನಾನೇ ಕಂಡೀನ್ರಿ. ಚಾದರ ಹೊದ್ದಿದ್ರು, ಕೈ ಹೊರಗಿತ್ತು."

ನಡುಹಗಲು, ಬಳ್ಳಾರಿಯ ಬಿಸಿಲು. ಸುಳ್ಳು ಯಾಕೆ ಹೇಳಲಿ, ನನಗೆ ಚಳಿ ಹತ್ತಿತು. ಅದು ನನ್ನದೇ ಹೆಸರಿನ, ಎಂದೋ ತೀರಿಹೋದ ಅಜ್ಜನ ಗುರುತು ಎಂದೆ. ಅಜ್ಜ ಸತ್ತಿದ್ದಾನೆಂದು ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಂಡು ಬಂದರೆ ವರದಿ ರದ್ದಾಗುತ್ತದೆ ಎಂದ ಗುಮಾಸ್ತ. ಅದೇ ಮಧ್ಯಾಹ್ನ ಕುರುಗೋಡಿನ ಬಸ್ಸು ಹಿಡಿದೆ.

ಒಳಕೋಣೆಯಲ್ಲಿ ಯಾರೂ ಇರಲಿಲ್ಲ. ಮಂಚದ ಮೇಲೆ ಮಡಿಸಿದ ಚಾದರ, ಪಕ್ಕದಲ್ಲಿ ಮುಚ್ಚಿಟ್ಟ ನೀರಿನ ತಂಬಿಗೆ. ಗುಮಾಸ್ತ ಬಂದ ದಿನ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದರು, ಮನೆಯಲ್ಲಿ ಗಂಡಸರ ಸುಳಿವೇ ಇರಲಿಲ್ಲ ಎಂದು ಚಿಕ್ಕಮ್ಮ ಆಣೆ ಮಾಡಿದಳು.

"ಹೆಸರು ಹಿಡ್ದು ಕೇಳ್ದ. ಅದಾರ ಅಂದೆ. ತಪ್ಪೇನದು?" ಎಂದಳು ಅಜ್ಜಿ.

ಸಿಟ್ಟು ಬಂತು. ಅವಳ ಮುಂದೆಯೇ ಕಾಗದ ಬರೆದೆ: ನನ್ನ ಗಂಡ ತೀರಿಕೊಂಡಿದ್ದಾರೆ. ಓದಿ ಹೇಳಿದೆ. ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು.

"ನಾ ಹೆಬ್ಬೆಟ್ಟು ಒತ್ತಿದ್ರ ಅವರು ಎಲ್ಲಿಗೆ ಹೋಗಬೇಕೋ?"

"ಒತ್ತಲಿಲ್ಲಾಂದ್ರ ನನ್ನ ಕೆಲಸ ಹೋಗ್ತೈತಿ, ಅಜ್ಜಿ."

ಅವಳು ಒಳಕೋಣೆಯ ಕಡೆ ಬಹಳ ಹೊತ್ತು ನೋಡಿದಳು. ಆಮೇಲೆ ಒತ್ತಿದಳು. ನನಗೆ ನಾಚಿಕೆಯಾಯಿತು, ಆದರೂ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡೆ.

ವರದಿ ರದ್ದಾಗಿ, ನಾನು ಮೈಸೂರು ರಾಜ್ಯದವನೆಂದು ಬಳ್ಳಾರಿಯಿಂದ ಕಾಗದ ಸಿಕ್ಕಿತು; ಕೆಲಸ ಉಳಿಯಿತು. ಯುಗಾದಿಗೆ ಅಜ್ಜಿಗೊಂದು ಸೀರೆ ಹಿಡಿದು ಕುರುಗೋಡಿಗೆ ಹೋದೆ. ಪಡಸಾಲೆಯಲ್ಲಿ ಕೂತಿದ್ದ ಅವಳು ನನ್ನನ್ನು ಕಂಡು, ಹುಟ್ಟಿದ ಮೇಲೆ ಮೊದಲ ಸಲ, ಹೆಸರು ಹಿಡಿದು ಕರೆದಳು.

"ಅವರಿಲ್ಲ ಅಂತ ಬರಕೊಟ್ಟೀನಲ್ಲ, ಇನ್ಯಾಕ ಬಾಯಿ ಕಟ್ಲಿ," ಎಂದಳು. ಕಣ್ಣು ತುಂಬಿತ್ತು. ಅದೇ ಹೆಸರಿನಿಂದ ಮತ್ತೊಮ್ಮೆ ಕರೆದಳು.

ನಾನು ಓಗೊಡಲು ಬಾಯಿ ತೆರೆಯುವ ಮೊದಲೇ ಒಳಕೋಣೆಯಿಂದ "ಹಾಂ" ಎಂದು ಕೇಳಿತು.

ಅಜ್ಜಿ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು, ನೀರಿನ ತಂಬಿಗೆ ಹಿಡಿದು ಒಳಗೆ ಹೋದಳು.