ನಗುವ ಭಾಗ ಮಾತ್ರ

ನಮ್ಮಮ್ಮ ಇಪ್ಪತ್ತೈದು ತುಂಬುವ ಮೊದಲೇ ಅಜ್ಜಿಯಾದವಳು, ರೇಡಿಯೋದಲ್ಲಿ. ಬೆಂಗಳೂರು ನಿಲಯದ ನಾಟಕಗಳಿಗೆ ಗೊಣಗುವ ಮುದುಕಿ ಬೇಕೆಂದರೆ ಅವಳಿಗೇ ಹೇಳಿಕಳಿಸುತ್ತಿದ್ದರು. ಕೆಳದವಡೆ ಮುಂದೆ ಚಾಚಿ, ತುಟಿ ಒಳಗೆಳೆದುಕೊಂಡು, ಹಲ್ಲುದುರಿದ ಬಾಯಿಂದ ಗಾಳಿ ಸೋರಿಸುತ್ತಾ ಅವಳು ಶುರು ಹಚ್ಚಿಕೊಂಡರೆ ನಮ್ಮ ವಠಾರವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಸೊಸೆ ಮಾಡಿದ ಸಾರಿಗೆ ಹೆಸರಿಡುವ ಅತ್ತೆ, ಮೊಮ್ಮಗನಿಗೆ ಹೆಣ್ಣು ನೋಡಲು ಹೋಗಿ ಬರೀ ಕೇಸರಿಬಾತಿನ ವರದಿ ತರುವ ಅಜ್ಜಿ, ತನಗೆ ಬೇಕಾದ್ದು ಮಾತ್ರ ಕೇಳಿಸುವ ಕಿವುಡಿ, ಎಲ್ಲ ಅವಳೇ. ನಲವತ್ತು ದಾಟುತ್ತಿದ್ದ ಹಾಗೆ ತೀರಿಕೊಂಡಳು. ನಿಜವಾಗಿ ಮುದುಕಿಯಾಗುವ ಯೋಗ ಅವಳಿಗೆ ಬರಲಿಲ್ಲ.

ಅವಳ ಮಾತು ಮತ್ತೆ ಎದ್ದದ್ದು ಸಿಡ್ನಿಯಲ್ಲಿ. ಫೋನ್ ಕಾರ್ಡ್ ಕೆರೆದು ಇಂಡಿಯಾಗೆ ಮಾತಾಡುತ್ತಿದ್ದ ಕಾಲ ಅದು. ಅಪ್ಪ ಅಲ್ಲಿನ ಬ್ಲ್ಯಾಕ್‌ಟೌನ್ ಬಡಾವಣೆಯಲ್ಲಿ ನಮ್ಮ ಜೊತೆಗೇ ಇರಲು ಬಂದಿದ್ದರು. ಭಾನುವಾರ ಬೆಳಿಗ್ಗೆ ಕಮ್ಯುನಿಟಿ ರೇಡಿಯೋದಲ್ಲಿ ಒಂದು ಗಂಟೆ ಕನ್ನಡ ಬರುತ್ತಿತ್ತು. ಅವತ್ತು ಯಾರೋ ಹುಡುಗರು ತಾವೇ ಬರೆದ ಹಾಸ್ಯ ನಾಟಕ ಆಡುತ್ತಿದ್ದರು. ಹಾಸ್ಯವಂತೆ ಹಾಸ್ಯ! ಒಬ್ಬ ಹೇಳುವ ಮೊದಲೇ ಇನ್ನೊಬ್ಬ ನಗುತ್ತಿದ್ದ. ಅದರಲ್ಲೊಬ್ಬಳು ಮುದುಕಿಯ ಪಾತ್ರ ಮಾಡಿದಳು ನೋಡಿ, ನೆಗಡಿ ಬಂದ ಬೆಕ್ಕಿನ ಹಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಆಫ್ ಮಾಡೋಣ ಅಂತ ಎದ್ದರೆ, ಟೇಬಲ್ ಹತ್ತಿರ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಪ್ಪ ತಲೆಯೆತ್ತದೆ ಕೇಳಿದರು:

"ನಿಮ್ಮಮ್ಮನ ದನಿ ಹೇಗಿತ್ತೇ?"

"ಇವಳ ಹಾಗಂತೂ ಇರಲಿಲ್ಲ ಬಿಡಿ."

"ಮುದುಕಿ ದನಿ ಅಲ್ಲ ಕಣೆ. ಅದು ಚೆನ್ನಾಗಿ ನೆನಪಿದೆ. ಮನೇಲಿ ಮಾತಾಡ್ತಿದ್ಲಲ್ಲ, ಅದು. ಎಷ್ಟು ಯೋಚಿಸಿದ್ರೂ ಸಿಗ್ತಾ ಇಲ್ಲ. ಮುಖಕ್ಕಾದ್ರೆ ಫೋಟೋ ಇದೆ. ದನಿಗೇನಿದೆ?"

ನಾರು ತೆಗೆಯುವ ಕೈ ನಿಲ್ಲಿಸದೆಯೇ ಇಷ್ಟು ಹೇಳಿದರು. ಆಮೇಲೆ, "ಒಂದೇ ಒಂದು ಸಲ ಕೇಳಿದ್ರೆ ಸಾಕಿತ್ತು," ಅಂದರು. ಅವತ್ತಿನಿಂದ ಅದೊಂದೇ ಹಂಬಲ. ಮಾರನೆಯ ದಿನ ವಾಕಿಂಗ್‌ನಲ್ಲೂ ಅದೇ, ಊಟಕ್ಕೆ ಕೂತಾಗಲೂ ಅದೇ. ಮಗುವಾದರೆ ಗದರಿಸಬಹುದು. ಅಪ್ಪನಿಗೆ ಏನನ್ನೋಣ?

ಮನೆಯಲ್ಲಿ ಅಮ್ಮನ ದನಿ ಇರಲೇ ಇಲ್ಲ. ಟೇಪ್‌ರೆಕಾರ್ಡರ್ ಬಂದಾಗ ಅಪ್ಪ ಅವಳನ್ನು ಅದರ ಮುಂದೆ ಕೂರಿಸಿ, ಏನಾದರೂ ಹೇಳು ಅಂದರೆ, "ಪಾತ್ರ ಕೊಡದೆ ಮೈಕ್ ಮುಂದೆ ಕೂರಿಸಿದ್ರೆ ಏನಂತ ಮಾತಾಡ್ಲಿ?" ಅಂತ ನಾಚಿಕೊಂಡು ಎದ್ದು ಹೋಗಿದ್ದಳಂತೆ. ಬೆಂಗಳೂರಿಗೆ ಫೋನ್ ಮಾಡಿ, ನಿಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರನ್ನು ಹಿಡಿದೆ. ಅವರು ಸಮಾಧಾನದಿಂದಲೇ ಹೇಳಿದರು: "ಆ ಕಾಲದಲ್ಲಿ ಸ್ಪೂಲ್ ಟೇಪಿಗೆ ಎಷ್ಟು ಬರಗಾಲ ಗೊತ್ತೇನಮ್ಮ? ನಾಟಕ ಪ್ರಸಾರ ಆಯ್ತು ಅಂದ್ರೆ ಅಳಿಸಿ, ಅದರ ಮೇಲೇ ಇನ್ನೊಂದು ನಾಟಕ. ನಿಮ್ಮ ತಾಯಿಯವರೇ ತಮ್ಮ ದನಿ ಮೇಲೆ ತಾವೇ ಎಷ್ಟು ಸಲ ಮಾತಾಡಿದ್ದಾರೋ!" ಅವರು ತಮಾಷೆಗೆ ಅಂದದ್ದು. ನನಗೆ ಫೋನ್ ಎತ್ತಿ ಎಸೆಯಬೇಕು ಅನ್ನಿಸಿತು.

ಉಳಿದದ್ದು ಒಂದೇ ನಾಟಕದ ಆಸೆ. ಅದು ಅಪ್ಪನಿಗೇ ನೆನಪಾದದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ರಾಜ್ಯದ ಎಲ್ಲ ನಿಲಯಗಳಿಂದ ಒಟ್ಟಿಗೆ ಪ್ರಸಾರವಾದ ಅತ್ತೆ ಸೊಸೆಯ ಹಾಸ್ಯ ನಾಟಕ. ಸೊಸೆಯ ಪಾತ್ರದವಳಿಗೆ ಜ್ವರ ಬಂದು, ಕೊನೇ ಗಳಿಗೆಯಲ್ಲಿ ಎರಡು ಪಾತ್ರವನ್ನೂ ಅಮ್ಮನೇ ಮಾಡಬೇಕಾಗಿ ಬಂತು. ಒಂದೇ ಮೈಕ್ ಮುಂದೆ ತಾನೇ ಬೈದು, ತಾನೇ ಬೈಸಿಕೊಂಡು ಅತ್ತಳು. ಅತ್ತೆಗೆ ಮಾಮೂಲಿ ಮುದುಕಿಯ ದನಿ. ಸೊಸೆಗೆ ಬೇರೆ ದನಿ ಹೂಡಲು ಹೊತ್ತೆಲ್ಲಿತ್ತು? ತನ್ನ ಸ್ವಂತ ದನಿಯಲ್ಲೇ ಮಾತಾಡಿದಳು. "ನಮ್ಮ ಅಡುಗೆಮನೆಯಿಂದಲೇ ಕರೆದ ಹಾಗಿತ್ತು," ಅಂದರು ಅಪ್ಪ. "ಅದು ಯಾರ ಹತ್ರಾನಾದ್ರೂ ಇರುತ್ತೆ ಕಣೆ. ಜನ ಮನೇಲಿ ಕ್ಯಾಸೆಟ್‌ಗೆ ಹಿಡ್ಕೋತಿದ್ರು."

ಆಸೆ ಅನ್ನುವುದು ಎಂಥ ಕೆಟ್ಟದ್ದು ನೋಡಿ, ನಿಜವಾಗಿ ಸಿಕ್ಕಿಬಿಟ್ಟಿತು. ರೌಸ್ ಹಿಲ್‌ನಲ್ಲಿ ನಮ್ಮ ಸಿಡ್ನಿಯವರೆಲ್ಲ ಗಣೇಶನ ಹಬ್ಬದ ಊಟಕ್ಕೆ ಸೇರಿದ್ದಾಗ ನಾನು ಎಂದಿನಂತೆ ಕಂಡಕಂಡವರ ಹತ್ತಿರ ಇದೇ ಪುರಾಣ ಬಿಚ್ಚಿದ್ದೆ. ಮೆಲ್ಬರ್ನಿನಿಂದ ಬಂದಿದ್ದವರೊಬ್ಬರು, ತಮ್ಮೂರಿನ ಹೊರವಲಯದ ಕ್ರಾನ್‌ಬರ್ನ್‌ನಲ್ಲಿ ಉಡುಪಿ ಕಡೆಯ ಒಬ್ಬ ಆಂಟಿ ಇದ್ದಾರೆ, ಅವರ ಹತ್ತಿರ ರೇಡಿಯೋ ನಾಟಕದ ಕ್ಯಾಸೆಟ್ ಒಂದು ಪೆಟ್ಟಿಗೆ ಇದೆ ಎಂದು ನಂಬರ್ ಕೊಟ್ಟರು. ಮನೆಗೆ ಬಂದವಳೇ ಫೋನ್ ಹಚ್ಚಿದೆ.

"ಆ ಅತ್ತೆ ಸೊಸೆ ನಾಟಕವಾ? ಉಂಟು ಉಂಟು!" ಅಂದರು ಆಂಟಿ. "ಆ ಅಜ್ಜಿ ನಿಮ್ಮ ಅಮ್ಮನಾ? ದೇವರೇ! ನಾನು ಆ ಅಜ್ಜಿಯನ್ನು ಈಗಲೂ ಕೇಳುವುದುಂಟು ಮಾರಾಯ್ರೆ. ಪೋಸ್ಟಲ್ಲಿ ಮಾತ್ರ ಕಳಿಸುವುದಿಲ್ಲ, ದಾರಿಯಲ್ಲಿ ಹಾಳಾದ್ರೆ ಎಂತ ಮಾಡುವುದು? ನೀವೇ ಬನ್ನಿ. ಇಲ್ಲೇ ಕೂತು ಕೇಳುವ."

ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡಿದೆವು. ಹೊರಡುವ ದಿನ ಅಪ್ಪನ ಸಡಗರ ಹೇಳತೀರದು. ಗಡ್ಡ ಹೆರೆದದ್ದು ಸಾಲದೆಂದು ಮತ್ತೊಮ್ಮೆ ಹೆರೆದುಕೊಂಡರು. ಶರ್ಟಿಗೆ ತಾವೇ ಇಸ್ತ್ರಿ ಮಾಡಿದರು. ಕಿವಿಗೆ ಹಾಕಿಕೊಳ್ಳುವ ಮಿಷನ್ನಿಗೆ ಹೊಸ ಬ್ಯಾಟರಿ, ಜೇಬಿನಲ್ಲಿ ಇನ್ನೊಂದು. "ಏನಪ್ಪಾ, ಹೆಣ್ಣು ನೋಡೋಕೆ ಹೊರಟ ಹಾಗಿದೆ?" ಅಂದೆ. "ಸುಮ್ನಿರೇ," ಅಂತ ಕೆಂಪಾದರು. ಅವರನ್ನು ಹಾಗೆ ನೋಡಿ ಎಷ್ಟು ವರ್ಷವಾಗಿತ್ತೋ!

ಕ್ರಾನ್‌ಬರ್ನ್ ರೈಲಿನ ಕೊನೇ ಸ್ಟೇಷನ್. ಆಂಟಿ ಕಾರು ತಂದು ಕಾಯುತ್ತಿದ್ದರು. ಮನೆಗೆ ಹೋದರೆ ನೀರ್‌ದೋಸೆ, ಕಾಯಿ ಬೆಲ್ಲ, ಉಪಚಾರವೋ ಉಪಚಾರ. ಅಪ್ಪ ಒಂದು ದೋಸೆಯನ್ನೂ ಪೂರ್ತಿ ತಿನ್ನಲಿಲ್ಲ. ಕಣ್ಣೆಲ್ಲ ಮೂಲೆಯ ಸ್ಟೂಲಿನ ಮೇಲಿದ್ದ ಹಳೇ ಟೇಪ್‌ರೆಕಾರ್ಡರ್ ಮೇಲೆ. ಉಡುಪಿಯಿಂದ ಹೊತ್ತು ತಂದಿದ್ದ ಅದಕ್ಕೆ ಆಂಟಿ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಅಪ್ಪ ಕೈ ತೊಳೆದು ಬಂದು ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಆಂಟಿ ಬಟನ್ ಒತ್ತಿದರು.

ಮುದುಕಿ ಬಂದಳು. ಅದೇ ಗಾಳಿ ಸೋರುವ ಬಾಯಿ, ಅದೇ ಗೊಣಗು. ಸಾರಿಗೆ ಉಪ್ಪು ಕಡಿಮೆ ಅಂತ ಶುರು ಮಾಡಿ ಸೊಸೆಯ ತವರಿನ ಏಳು ತಲೆಮಾರಿನವರೆಗೂ ಹೋದಳು. ಆಂಟಿ ನಕ್ಕರು, ನಾನೂ ನಕ್ಕೆ, ಅಪ್ಪನೂ ನಕ್ಕರು. "ಅವಳೇ ಕಣೆ!" ಅಂದರು. ಈಗ ಸೊಸೆ ಉತ್ತರ ಕೊಡಬೇಕು. ಅಪ್ಪ ಮುಂದೆ ಬಾಗಿದರು.

ಟಕ್ ಅಂತ ಸದ್ದಾಯಿತು. ಮತ್ತೆ ಮುದುಕಿಯೇ ಮಾತಾಡುತ್ತಿದ್ದಳು.

ಈಗ ಪಕ್ಕದ ಮನೆಯವಳ ಹತ್ತಿರ ಸೊಸೆಯ ದೂರು. ಮತ್ತೆ ಟಕ್. ಮತ್ತೆ ಮುದುಕಿ. ಪ್ರತಿ ಸಲವೂ ಅಪ್ಪ ಕೈಯೆತ್ತಿ ನಮ್ಮನ್ನು ಸುಮ್ಮನಿರಿಸುತ್ತಿದ್ದರು, ಈಗ ಬರುತ್ತಾಳೆ ಅನ್ನುವ ಹಾಗೆ. ಬರಲಿಲ್ಲ. ಕೊನೆಗೆ ಮುದುಕಿ ಜಾರಿ ಬಿದ್ದು, ಬಿದ್ದಲ್ಲಿಂದಲೇ ಕಾಫಿ ಕೇಳಿದಳು, ಕ್ಯಾಸೆಟ್ ನಿಂತಿತು.

"ಸೊಸೆ ಎಲ್ಲಿ?" ಅಂದರು ಅಪ್ಪ.

"ಅವಳು ಯಾರಿಗೆ ಬೇಕು ಅಂಕಲ್?" ಆಂಟಿ ಕಣ್ಣೊರೆಸಿಕೊಂಡು ಇನ್ನೂ ನಗುತ್ತಿದ್ದರು. "ಅವಳದ್ದು ಬರೀ ಅಳುವುದು. ನನ್ನ ಅತ್ತೆ ಮನೆಯಲ್ಲಿ ಆಗ ಅಳುವುದಕ್ಕೆ ಎಂತ ಕಡಿಮೆ ಇತ್ತಾ? ಅದನ್ನು ರೇಡಿಯೋದಿಂದ ಬೇರೆ ಹಿಡಿದಿಡುವುದು ಯಾಕೆ? ನಾಟಕ ಬರುವಾಗ ರೆಕಾರ್ಡ್ ನಿಲ್ಲಿಸುವ ಬಟನ್ ಮೇಲೆ ಬೆರಳಿಟ್ಟು ಕೂತುಕೊಳ್ಳುವುದು. ಅಜ್ಜಿ ಬಂದ ಕೂಡಲೆ ಬಿಡುವುದು, ಸೊಸೆ ಬಾಯಿ ತೆರೆದ ಕೂಡಲೆ ಒತ್ತುವುದು. ನನ್ನ ಎಲ್ಲ ಕ್ಯಾಸೆಟ್ ಹಾಗೇ. ನಗುವ ಭಾಗ ಮಾತ್ರ." ಬೆರಳಿನಲ್ಲಿ ಗಾಳಿಯಲ್ಲೇ ಒತ್ತಿ ತೋರಿಸಿದರು.

ನನಗೆ ಎಂಥ ಸಿಟ್ಟು ಬಂತು ಅಂದರೆ ಆ ಬೆರಳನ್ನೇ ಮುರಿದು ಹಾಕುವಷ್ಟು. ಆದರೆ ಯಾರ ಮೇಲೆ ತೀರಿಸಿಕೊಳ್ಳಲಿ? ಅತ್ತೆ ಮನೆಯಲ್ಲಿ ಅತ್ತೂ ಅತ್ತೂ ಸಾಕಾಗಿ, ನಗುವುದಕ್ಕೆ ಅಂತ ನಮ್ಮಮ್ಮನನ್ನು ಇಟ್ಟುಕೊಂಡವರು. ಅವರನ್ನು ಹೇಗೆ ಬೈಯಲಿ? ಎಲ್ಲ ನುಂಗಿಕೊಂಡು, ಸೊಸೆಯೂ ನಮ್ಮಮ್ಮನೇ ಆಂಟಿ, ಅಂದೆ. ಅವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಫೋನಲ್ಲೇ ಹೇಳಬಾರದಿತ್ತಾ ಮಗಾ," ಅಂದರು. ಹೇಳಿದ್ದರೆ ಏನಾಗುತ್ತಿತ್ತು? ಬಟನ್ ಒತ್ತಿ ಇಪ್ಪತ್ತು ವರ್ಷದ ಮೇಲಾಗಿತ್ತು.

ಅಪ್ಪ ಮಾತ್ರ ಅಲ್ಲಾಡಲಿಲ್ಲ. "ಮಧ್ಯದಲ್ಲಿ ಒಂದು ಕಡೆ ಏನೋ ಇದೆ," ಅಂದರು. ಹಿಂದಕ್ಕೆ ಸುತ್ತಿಸಿದರು. ಮುದುಕಿ ದೂರು ಹೇಳಿ ಮುಗಿಸಿದ ಮೇಲೆ, ಟಕ್ ಅನ್ನುವ ಮೊದಲು, ಒಂದು ಚೂರು ಮಾತು ಉಳಿದುಕೊಂಡಿತ್ತು. "ಅಲ್ಲ" ಅಂತ. ಅಷ್ಟೇ. ಅಲ್ಲಿ ಆಂಟಿಯ ಬೆರಳು ಕೊಂಚ ತಡವಾಗಿತ್ತು. ಅಪ್ಪ ಅದನ್ನು ಮತ್ತೆ ಮತ್ತೆ ಹಾಕಿಸಿದರು. ನಾವು ಹೊರಟಾಗ ಆಂಟಿ ಕ್ಯಾಸೆಟ್ಟನ್ನು ಅಪ್ಪನ ಎರಡು ಕೈಯೊಳಗಿಟ್ಟು ಒಳಗೆ ಹೋದರು.

ಸಿಡ್ನಿಗೆ ಬಂದ ಮೇಲೆ ಅಪ್ಪನದ್ದು ಅದೇ ಕೆಲಸ. ಗರಾಜಿನಲ್ಲಿದ್ದ ನನ್ನ ಹಳೇ ಟೇಪ್ ಪ್ಲೇಯರನ್ನು ಕಿಟಕಿ ಹತ್ತಿರ ಇಟ್ಟುಕೊಂಡು, ಸುತ್ತುವುದು, ಕೇಳುವುದು, ಸುತ್ತುವುದು. ಅಲ್ಲ. ಅಲ್ಲ. ಅಲ್ಲ. ನಾನು ಅಡುಗೆ ಮಾಡುತ್ತಾ, ಬಟ್ಟೆ ಮಡಚುತ್ತಾ ಅದನ್ನೇ ಕೇಳಬೇಕು. ಹುಚ್ಚು ಹಿಡಿಯುವುದೊಂದು ಬಾಕಿ. ಒಂದು ದಿನ ರೇಗಿ, "ಸಾಕು ಮಾಡಿ ಅಪ್ಪಾ, ಸಿಕ್ಕಿತಲ್ಲ!" ಅಂದುಬಿಟ್ಟೆ.

"ಸಿಕ್ಕಿದ್ಯೋ ಇಲ್ವೋ, ಅದೇ ಗೊತ್ತಾಗ್ತಿಲ್ಲ," ಅಂದರು. "ಇದು ಸೊಸೆ ಅಂದಿದ್ದೋ, ಮುದುಕಿಯೇ ಮಾತು ಮುಂದುವರಿಸಿದ್ದೋ? ಬಾ ಇಲ್ಲಿ. ನಿನ್ನ ಕಿವಿ ಚೆನ್ನಾಗಿದೆ. ನಿನ್ನನ್ನ ಕೂಗಿ ಕೂಗಿ ಸಾಕಾಗ್ತಿತ್ತಲ್ಲ ಅವಳಿಗೆ. ನಿಂಗೆ ಗೊತ್ತಾಗುತ್ತೆ. ಕೇಳಿ ಹೇಳು."

ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತೆ. ಅಪ್ಪ ಬಟನ್ ಒತ್ತಿದರು. ಅಲ್ಲ. ಇನ್ನೊಮ್ಮೆ ಹಾಕಿ ಅಂದೆ. ಕಣ್ಣು ಮುಚ್ಚಿ, ಅಮ್ಮ ನನ್ನನ್ನು ಏಳಿಸುವುದು, ಊಟಕ್ಕೆ ಕರೆಯುವುದು, ಜಡೆ ಹಾಕುವಾಗ ತಲೆ ಅಲ್ಲಾಡಿಸಬೇಡ ಎಂದು ಗದರುವುದು, ಎಲ್ಲ ಒಂದೊಂದಾಗಿ ತಂದುಕೊಂಡೆ. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಮಾತು ಮಾತ್ರ ಎಲ್ಲ ಕಡೆಯೂ ಆ ಮುದುಕಿಯ ಬಾಯಲ್ಲೇ ಬರುತ್ತಿತ್ತು. ಅಪ್ಪನೊಬ್ಬರೇ ಮರೆತಿದ್ದಾರೆ, ನನ್ನ ಹತ್ತಿರ ಇದ್ದೇ ಇದೆ ಅಂತ ನಾನು ಇಷ್ಟು ದಿನ ಧೈರ್ಯವಾಗಿದ್ದೆ.

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದಪ್ಪ," ಅಂದೆ. "ಅಮ್ಮನೇ. ಸೊಸೆಯ ಮಾತೇ ಇದು. ಅಮ್ಮನ ದನಿಯೇ."

ಅವರು ಕ್ಯಾಸೆಟ್ ನಿಲ್ಲಿಸಿದರು.

"ಸುಳ್ಳು ಹೇಳ್ಬೇಡ ಕಣೆ. ಗುರುತು ಸಿಕ್ಕಿದ್ರೆ ಇಷ್ಟೊತ್ತಿಗೆ ನಿಂಗೆ ಅಳು ಬರ್ತಿತ್ತು," ಅಂದರು. "ನಂಗೂ ಬರ್ಲಿಲ್ಲ."